ಬೆಂಕಿಯ ದಿನದ ಕಾಗದ

ಗಾಳಿ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಆಕೆಗೆ ಕೆಲಸ. ಎತ್ತರದ ಕಟ್ಟಡಗಳ ತಾರಸಿಯಲ್ಲಿಟ್ಟ ಯಂತ್ರಗಳು ದಿನವಿಡೀ ಗಾಳಿ ಎಳೆದುಕೊಂಡು, ಅದರೊಳಗಿನ ಕಣಗಳನ್ನು ಅಂಗೈಯಗಲದ ಬಿಳಿ ಕಾಗದದ ಮೇಲೆ ಹಿಡಿದಿಡುತ್ತಿದ್ದವು. ಆ ಕಾಗದವನ್ನು ಚಿಮಟದಲ್ಲಿ ಎತ್ತಿ, ಉಸಿರು ತಾಕಿದರೂ ಅಂಕಿ ಬದಲಾಗುವ ತಕ್ಕಡಿಯಲ್ಲಿ ತೂಗಿ, ಅರ್ಧ ಕತ್ತರಿಸಿ ಪರೀಕ್ಷೆಗೆ ಹಾಕಿ, ಉಳಿದರ್ಧವನ್ನು ಶೀತಪೆಟ್ಟಿಗೆಯಲ್ಲಿ ಇಡಬೇಕು. ತಂಗಿ ಅವಳನ್ನು ಕರೆಯುತ್ತಿದ್ದುದೇ ‘ಧೂಳಕ್ಕ’ ಎಂದು. “ಮನೆ ಕಿಟಕಿ ಒರೆಸೋಕೆ ಮೈ ಬಗ್ಗಲ್ಲ, ಊರ ಧೂಳನ್ನ ಮಾತ್ರ ಮುತ್ತಿನ ಹಾಗೆ ಕಾಯ್ತಾಳೆ ನೋಡಮ್ಮ!”

ತಂಗಿ ಹಾಸಿಗೆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಳು. ಒಂದು ಮಧ್ಯಾಹ್ನ ಅಲ್ಲಿನ ಫೋಮ್ ರಾಶಿಗೆ ಬೆಂಕಿ ಬಿತ್ತು. ತಂಗಿಯೂ ಸೇರಿ ಹಿಂದಿನ ಕೋಣೆಯಲ್ಲಿದ್ದವರು ಯಾರೂ ಹೊರಗೆ ಬರಲಿಲ್ಲ. ಬೆಂಕಿ ಆರಿದ ಮೇಲೆ ಗುರುತು ಹಿಡಿದು ಮನೆಯವರ ಕೈಗೆ ಕೊಡುವಂಥದ್ದೇನೂ ಉಳಿದಿರಲಿಲ್ಲ.

ಆಕೆ ಕೆಲಸಕ್ಕೆ ಮರಳಿದಾಗ ಆ ದಿನದ ಕಾಗದ ಮೇಜಿನ ಮೇಲೆ ಕಾಯುತ್ತಿತ್ತು. ಎಂದಿನ ಬೂದುಬಣ್ಣವಲ್ಲ, ಡಾಂಬರಿನಂತೆ ಕಪ್ಪು.

“ಇದನ್ನ ಬೇರೆಯವರು ನೋಡ್ಕೋತಾರೆ, ನೀನು ಮನೆಗೆ ಹೋಗಮ್ಮ,” ಎಂದರು ಮೇಲಧಿಕಾರಿ.

“ಬೇಡ ಸರ್. ನಾನೇ ಮಾಡ್ತೀನಿ.”

ಅಂಕಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ತೂಗಿದಳು. ಸೂಕ್ಷ್ಮದರ್ಶಕದಡಿ ಮಸಿಯ ಗೊಂಚಲುಗಳು ಕಂಡವು. ನಡುವೆ ತುದಿ ಕರಗಿ ಗುಂಡಾಗಿದ್ದ ಒಂದು ನೂಲೆಳೆ. ಅದರಿಂದ ಕಣ್ಣು ಕೀಳಲು ಆಗಲಿಲ್ಲ.

ಮನೆಯಲ್ಲಿ ಬಾಯಿ ತಡೆಯದೆ ಆ ಕಾಗದದ ವಿಷಯ ಹೇಳಿಬಿಟ್ಟಳು. ಅಮ್ಮ ಕೇಳಿದಳು: “ಅವಳು ಅದರಲ್ಲಿದ್ದಾಳಾ?”

“ಗೊತ್ತಾಗಲ್ಲಮ್ಮ.”

“ನಿಮ್ಮ ಯಂತ್ರಕ್ಕೆ ಎಲ್ಲಾ ಗೊತ್ತಾಗತ್ತೆ ಅಂತ ನೀನೇ ಅಂತಿದ್ದೆ.”

ಅಂದಿನಿಂದ ಅಮ್ಮ ಕಿಟಕಿ ಒರೆಸುವುದನ್ನು ಬಿಟ್ಟಳು. ಪರದೆ ಅಲ್ಲಾಡಿದರೆ, ಯಾರೋ ಒಳಗೆ ಬಂದಂತೆ ತಿರುಗಿ ನೋಡುವಳು. ಮಗಳಿಗೂ ಬೀದಿಯಲ್ಲಿ ಕೆಮ್ಮು ಬಂದರೆ ಉಗುಳಲು ಮನಸ್ಸಾಗುತ್ತಿರಲಿಲ್ಲ. ಬಾಯಿಗೆ ಸೆರಗು ಒತ್ತಿ ನಿಂತುಬಿಡುತ್ತಿದ್ದಳು. ಒಳಗೆ ಹೋದದ್ದು ಯಾರು ಎಂದು ಹೇಳುವವರಿರಲಿಲ್ಲ.

“ಒಂದ್ಸಲ ಕೈಯಲ್ಲಿ ಹಿಡ್ಕೋತೀನಿ, ತಂದು ಕೊಡೇ,” ಎಂದು ಅಮ್ಮ ದುಂಬಾಲು ಬಿದ್ದಳು. ಆಕೆ ಮೇಲಧಿಕಾರಿಯನ್ನು ಕೇಳಿದಳು. ಅವರು ಗೋಡೆಯ ಕಡೆ ತಿರುಗಿ, “ನಾನು ನೋಡಿಲ್ಲ. ಬೆಳಿಗ್ಗೆ ವಾಪಸ್ ಇರ್ಬೇಕು,” ಎಂದರು.

ಉಳಿದರ್ಧ ಕಾಗದವಿದ್ದ ಚಪ್ಪಟೆ ಡಬ್ಬಿಯನ್ನು ಅಮ್ಮ ಅಂಗೈ ಮೇಲಿಟ್ಟುಕೊಂಡಳು.

“ಇಷ್ಟು ಹಗುರಾನಾ?”

ಕತ್ತಲಾಗುವವರೆಗೆ ಮಡಿಲಲ್ಲಿಟ್ಟುಕೊಂಡು, ಮಗುವನ್ನು ಮಲಗಿಸುವಂತೆ ಮೊಣಕಾಲು ಅಲುಗಾಡಿಸುತ್ತ ಕೂತಿದ್ದಳು. ಇನ್ನು ಕೊಡಲಾರಳೆಂದು ಮಗಳು ಹೆದರಿದಳು. ಆದರೆ ಅಮ್ಮನೇ ಡಬ್ಬಿ ಚಾಚಿದಳು.

“ತಗೊಂಡು ಹೋಗಿ ಅಲ್ಲೇ ಇಡು.”

“ಯಾಕಮ್ಮ?”

“ಅವಳ ಪಕ್ಕ ಕೂತು ಹೊಲೀತಿದ್ದೋರೂ ಇದರಲ್ಲಿರ್ತಾರೆ. ನಾನೊಬ್ಬಳೇ ಹೇಗೆ ಇಟ್ಕೊಳ್ಳಲಿ?”

ಆಕೆ ಅದನ್ನು ಮತ್ತೆ ಶೀತಪೆಟ್ಟಿಗೆಗೆ ಸೇರಿಸಿದಳು. ಹಳೆಯ ಕಾಗದಗಳನ್ನು ಎಸೆಯುವ ಕಾಲ ಬಂದಾಗ ಮೇಲಧಿಕಾರಿ ಉಳಿದೆಲ್ಲವನ್ನೂ ತೆಗೆಸಿ, ಅದೊಂದನ್ನು ಮುಟ್ಟಗೊಡಲಿಲ್ಲ. ಅಷ್ಟರಲ್ಲಿ ಅಮ್ಮ, ತಂಗಿಯ ಜೊತೆ ಹೊಲಿಯುತ್ತಿದ್ದವರಲ್ಲಿ ಯಾರ ಯಾರ ಮನೆಗೆ ಹೋಗಿ ಹೇಳಿ ಬಂದಿದ್ದಳೋ, ಒಂದು ಬೆಳಿಗ್ಗೆ ಕಾವಲುಗಾರ ಬಂದು, “ಹೊರಗೆ ಮೂರ್ನಾಲ್ಕು ಜನ ಹೆಂಗಸರು ನಿಂತಿದ್ದಾರೆ. ಏನೋ ನೋಡ್ಬೇಕಂತೆ, ಏನು ಅಂತ ಹೇಳ್ತಾ ಇಲ್ಲ,” ಎಂದ.

ಆಕೆ ಕೈಗವಸು ತೊಟ್ಟುಕೊಂಡು, “ಒಳಗೆ ಕಳಿಸಿ,” ಎಂದಳು.