ಹಿಂದಿನ ಗಾಜಿನ ಮೇಲೆ ಅಣ್ಣನ ಉಡುಗೊರೆ

ಈ ವಯಸ್ಸಿನ ಹೆಂಗಸಿಗೆ ಕಾರು ಬೇಕಾದರೆ ಬೇಕು, ಅದಕ್ಕೆ ಕೆಂಪು ಪಟ್ಟಿ ಯಾಕೆ ಅಂತ ಕೇಳಿದವರು ಒಬ್ಬಿಬ್ಬರಲ್ಲ. ಯಾಕೆ ಅಂದರೆ ನನಗಿಷ್ಟ! ಕೊಳ್ಳೇಗಾಲದಲ್ಲಿ ಬ್ಲೌಸ್ ಹೊಲಿದು ಹೊಲಿದು ಕತ್ತು ನೋಯಿಸಿಕೊಂಡು, ನಾನೇ ದುಡಿದು ತೆಗೆದುಕೊಂಡ ಕಾರು ಅದು. ಯಳಂದೂರಿನ ಮೇಷ್ಟ್ರೊಬ್ಬರು ಓಡಿಸಿ ಸಾಕಾಗಿ ಮಾರಿದ, ಹಿಂದೆ ಡಿಕ್ಕಿ ಚಾಚದ ಬಿಳಿ ಮೋಟು ಕಾರು. ನೋಡಿದವರೆಲ್ಲ ‘ಡಬ್ಬಾ’ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಇದನ್ನೇ ರೇಸ್ ಕಾರಿನ ಹಾಗೆ ಮಾಡಿಸದಿದ್ದರೆ ಕೇಳಿ ಅಂದುಕೊಂಡೆ.

ಮುಂದಿನ ಜಾಲರಿಯ ಸುತ್ತ ಪೇಪರ್ ಅಂಟಿಸಿ, ನಾನೇ ಕಪ್ಪು ಸ್ಪ್ರೇ ಹೊಡೆದೆ. ಹೊಲಿಗೆಯವಳ ಕೈ, ಒಂದು ಹನಿ ಆಚೆ ಹೋಗಲಿಲ್ಲ. ಚಕ್ರಗಳಿಗೆ ಕಪ್ಪು ಕ್ಯಾಪುಗಳನ್ನೂ ನಾನೇ ಒತ್ತಿ ಕೂರಿಸಿದೆ. ಉಳಿದದ್ದಕ್ಕೆ ಸ್ಟಿಕ್ಕರ್ ಅಂಗಡಿಗೆ ಬಿಟ್ಟೆ: ಟಾಪಿಗೆ ಕಪ್ಪು ಸ್ಟಿಕ್ಕರ್, ಬಾನೆಟ್ಟಿಗೆ ಎರಡು ಕೆಂಪು ಪಟ್ಟಿ, ಹಿಂದಿನ ಗಾಜಿನ ಮೇಲ್ಗಡೆ ರೆಕ್ಕೆಯ ಹಾಗೆ ಒಂದು ಸ್ಪಾಯ್ಲರ್.

ಆವತ್ತು ಹನೂರಿನ ಮದುವೆ ಮನೆಯೊಂದಕ್ಕೆ ಬ್ಲೌಸ್‌ಗಳನ್ನು ತಲುಪಿಸಬೇಕಿತ್ತು. ಧನಗೆರೆಯಿಂದ ಅಣ್ಣ ಬಂದಿದ್ದ. “ನೀ ಓಗವ್ವಾ, ನಾ ನಿಂತ್ಕಂಡು ಮಾಡಿಸ್ತೀನಿ” ಅಂದ. ನಂಬಿ ಬಸ್ಸು ಹತ್ತಿದೆ.

ಸಾಯಂಕಾಲ ಬಂದು ನೋಡಿದರೆ ಕಾರು ಮದುಮಗನಂತೆ ಮಿಂಚುತ್ತಿತ್ತು. ಖುಷಿಗೆ ಒಂದು ಸುತ್ತು ಬಂದೆ. ಹಿಂದಿನ ಗಾಜಿನ ತುಂಬ ದಪ್ಪ ಅಕ್ಷರಗಳು: ‘ಅಣ್ಣನ ಉಡುಗೊರೆ’.

“ಯಾರ್ ಬರಿ ಅಂದದ್ದು ಇದ್ನ?” ಅಂತ ಕಿರುಚಿದೆ.

ಅಂಗಡಿಯವನು ಬೆದರಿಬಿಟ್ಟ. “ಅಲ್ಲಕ್ಕಾ, ಎಂಗಸ್ರ ಗಾಡಿ, ಅಣ್ಣ ಪಕ್ದಲ್ಲೇ ನಿಂತವ್ರೆ. ಎಲ್ರಿಗೂ ಅಂಗೇ ಆಕದು. ಫ್ರೀಯಾಗಿ ಆಕ್ದೆ.”

ಅವನದು ರೂಢಿ, ಹಾಳಾಗಲಿ. ಪಕ್ಕದಲ್ಲೇ ನಿಂತಿದ್ದ ನನ್ನಣ್ಣನ ಬಾಯಿಗೆ ಏನಾಗಿತ್ತು? “ಏನಾಯ್ತೀಗ, ಚೆಂದಾಗದಲ್ಲ” ಅಂತ ನಕ್ಕ. ನಾಚಿಕೆ ಬೇಡವೇ! ಅಪ್ಪ ಹೋದ ಮೇಲೆ ಗದ್ದೆಯಲ್ಲಿ ನನ್ನ ಪಾಲು ಬಿಟ್ಟುಕೊಟ್ಟೆ ಅಂತ ರುಜು ಹಾಕಿಸಿಕೊಂಡವನು ಇವನೇ. ಅರಿಶಿನ ಕುಂಕುಮ, ಒಂದು ಸೀರೆ, ಮೊಳ ಹೂವು, ಅಷ್ಟಕ್ಕೇ ಮುಗಿಸಿದ. ಈಗ ಪುಕ್ಕಟೆ ಸ್ಟಿಕ್ಕರಿನಲ್ಲಿ ತಂಗಿಯ ಋಣ ತೀರಿಸಿಕೊಳ್ಳಲು ಹೊರಟಿದ್ದ.

ಅಲ್ಲೇ ಕೀಳಲು ಹೋದೆ. ಸ್ಪಾಯ್ಲರಿನ ಗಮ್ ಇನ್ನೂ ಹಿಡಿದಿಲ್ಲ, ಇವತ್ತು ಗಾಜು ಮುಟ್ಟಬೇಡಿ ಅಂತ ಅಂಗಡಿಯವನು ಕೈ ಮುಗಿದ. ಒಳ್ಳೆಯದೇ ಆಯಿತು, ಅಣ್ಣನ ಬಾಗಿಲಲ್ಲೇ ಕೀಳುತ್ತೇನೆ ಅಂತ ಬೆಳಗಾಗುತ್ತಲೇ ಬ್ಲೇಡು ಹಿಡಿದು ಧನಗೆರೆಗೆ ಹೊರಟೆ.

ಕಾರು ನಿಲ್ಲಿಸುವುದಕ್ಕೂ ಅವ್ವ ಓಡಿಬರುವುದಕ್ಕೂ ಸರಿಹೋಯಿತು. ಅಣ್ಣ ರಾತ್ರಿಯೇ ಅವಳ ಕಿವಿಯಲ್ಲಿ ಏನು ಊದಿದ್ದನೋ! ಅವ್ವ ಗಾಜಿನ ಮೇಲಿನ ಅಕ್ಷರಗಳನ್ನು ಬೆರಳಿನಿಂದ ಒಂದೊಂದಾಗಿ ಕೂಡಿಸಿ ಓದಿದಳು. ಓದಿ ಅತ್ತಳು. “ಕೊಟ್ಬುಟ್ನಲ್ಲ ನನ್ ಮಗ! ನಿಂಗೆ ಗದ್ದೆ ತಪ್ಪಿಸ್ಬುಟ್ವಲ್ಲ ಅಂತ ನಂಗೆ ಇಷ್ಟ್ ವರ್ಸ ಅನ್ನ ಗಂಟ್ಲಲ್ಲಿ ಇಳೀತಿರ್ನಿಲ್ಲ ಕಣವ್ವ.”

ಎತ್ತಿದ ಬ್ಲೇಡು ಕೆಳಗಿಳಿಸಿದೆ. ಬಾಗಿಲಲ್ಲಿ ಅಣ್ಣ ಹಲ್ಲು ಕಿರಿಯುತ್ತ ನಿಂತಿದ್ದ. ಆ ಹಲ್ಲು ನೋಡಿದೆ ನೋಡಿ, ಬ್ಲೇಡು ಹಾಕಿ ಕೆರೆದೇಬಿಟ್ಟೆ.

“ಲೇ, ಊರೋರ್ ಮುಂದೆ ನನ್ ಮರ್ವಾದೆ ತಗೀಬ್ಯಾಡ ಕಣೇ!”

“ನಿನ್ ಮರ್ವಾದೆ ನನ್ ಗಾಜಿನ್ ಮ್ಯಾಲೆ ಯಾಕದೆ? ನಾನ್ ದುಡ್ದು ತಕಂಡ ಕಾರಿದು. ನೀ ಕೊಟ್ಟಿದ್ದೇನು, ಬೊಗಳು!”

ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವ್ವ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕೊನೆಗೆ ನನ್ನ ಸೆರಗು ಹಿಡಿದು ಮೆಲ್ಲಗೆ ಕೇಳಿದಳು:

“ಅಂಗಾರೆ ನಾವು ನಿಂಗೇನೂ ಕೊಡ್ನಿಲ್ವಾ ಮಗಾ?”

ಅಣ್ಣನಿಗೆ ಹೇಳಲು ನನ್ನಲ್ಲಿ ಬೇಕಾದಷ್ಟು ಬೈಗುಳವಿತ್ತು. ಅವ್ವನಿಗೆ ಏನು ಹೇಳಲಿ?

“ಇಲ್ಲ ಕಣವ್ವಾ, ಏನೂ ಕೊಡ್ನಿಲ್ಲ” ಅಂದೆ.