ನಮ್ಮ ಮುಂದೆ ಓಡಿದವರು

ದೆವ್ವ, ಮಾಟ, ಶಕುನ ಇವು ಯಾವುದನ್ನೂ ನಾನು ಒಪ್ಪಿದವಳಲ್ಲ. ಗಣಿಯಿಂದ ಬಂದ ಅದಿರನ್ನು ಪುಡಿಮಾಡಿ, ಆಮ್ಲದಲ್ಲಿ ಕರಗಿಸಿ, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಬರೆದುಕೊಡುವುದು ಆಗ ನನ್ನ ಕೆಲಸವಾಗಿತ್ತು. ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಯಾರಾದರೂ ನನ್ನೆದುರು ವಿಚಿತ್ರದ ಮಾತೆತ್ತಿದರೆ, "ಆವತ್ತು ನಿಮಗೆ ಜ್ವರ ಇತ್ತೇನು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಇದನ್ನು ಓದಿದ ಮೇಲೆ ನೀವೂ ನನ್ನನ್ನು ಅದನ್ನೇ ಕೇಳಬಹುದು. ನನಗೆ ಜ್ವರ ಇರಲಿಲ್ಲ. ನನ್ನ ಜೊತೆಗಿದ್ದ ಇಬ್ಬರಿಗೂ ಇರಲಿಲ್ಲ.

ಅದು ಅದಿರಿನ ಸುಗ್ಗಿಯ ಕಾಲ. ಯಶವಂತನಗರದ ಪ್ರಯೋಗಾಲಯಕ್ಕೆ ನಾನು ಸಂಡೂರಿನಿಂದ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಹಗಲೂ ರಾತ್ರಿ ಲಾರಿಗಳು. ನಮ್ಮ ಬೀದಿಯಲ್ಲಿ ಬಿಳಿ ಬಟ್ಟೆ ಕೊಳ್ಳುವುದನ್ನೇ ಜನ ಬಿಟ್ಟಿದ್ದರು. ಒಣಹಾಕಿದ ಸೀರೆ ಸಂಜೆಗೆ ಕೆಂಪಾಗುತ್ತಿತ್ತು. ಮೂವತ್ತೈದು ದಾಟಿದ್ದ ನನಗೆ ಪ್ರಯೋಗಾಲಯದ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರತೊಡಗಿದಾಗ ಹೆದರಿ, ಬೆಳಗಿನ ಹೊತ್ತು ಶಾಲೆಯ ಮೈದಾನದಲ್ಲಿ ಓಡಲು ಶುರುಮಾಡಿದೆ. ಚೂಡಿದಾರ ತೊಟ್ಟು, ಕ್ಯಾನ್ವಾಸ್ ಶೂ ಹಾಕಿ ಓಡುವ ಹೆಂಗಸನ್ನು ನೋಡಿ ಹಾಲು ತರಲು ಹೊರಟವರು, "ಯಾರ್ನ ಹಿಡಿಯಾಕ ಹೊಂಟೀರಿ ಮೇಡಂ?" ಎಂದು ನಗುತ್ತಿದ್ದರು. ಕೆಲವು ತಿಂಗಳಲ್ಲಿ ನಗುವುದನ್ನು ಬಿಟ್ಟು ದಾರಿ ಬಿಟ್ಟರು.

ಬಳ್ಳಾರಿಯಲ್ಲಿ ನಡೆದ ಒಂದು ಸಣ್ಣ ಓಟದಲ್ಲಿ ನನಗೆ ಇಬ್ಬರು ಜೊತೆಗಾರರು ಸಿಕ್ಕರು. ಒಬ್ಬರು ಕಂಪ್ಲಿಯ ಬಸಣ್ಣ. ಅಕ್ಕಿ ಗಿರಣಿಯ ಮಾಲೀಕರು, ಐವತ್ತರ ಆಸುಪಾಸು, ದಪ್ಪ ಮೈ. ಸಕ್ಕರೆ ಕಾಯಿಲೆ ಬಂದ ಮೇಲೆ ವೈದ್ಯರು ನಡೆಯಿರಿ ಎಂದಿದ್ದರಂತೆ, ಇವರು ಓಡತೊಡಗಿದ್ದರು. ತಲೆಗೆ ಒಂದು ಟವೆಲ್ ಸುತ್ತಿಕೊಂಡು, ದಾರಿಯಲ್ಲಿ ಕಂಡವರನ್ನೆಲ್ಲ ಮಾತಾಡಿಸುತ್ತ ಓಡುವ ಮನುಷ್ಯ. ಇನ್ನೊಬ್ಬ ಹಂಪಿಯಲ್ಲಿ ಪುಟ್ಟ ಗೆಸ್ಟ್ ಹೌಸ್ ನಡೆಸುತ್ತಿದ್ದ ಹುಲುಗಪ್ಪ. ಇಪ್ಪತ್ತೇಳರ ಹುರಿಗಟ್ಟಿದ ಆಳು, ಮುಂಗೋಪಿ. ತನ್ನ ಮುಂದೆ ಯಾರಾದರೂ ಓಡುತ್ತಿದ್ದರೆ ಅವನಿಗೆ ತಡೆಯುತ್ತಲೇ ಇರಲಿಲ್ಲ.

ಭಾನುವಾರ ಬಂತೆಂದರೆ ಮೂವರೂ ಸೇರುತ್ತಿದ್ದೆವು. ಒಮ್ಮೆ ಕಂಪ್ಲಿಯ ಕಾಲುವೆ ಏರಿಯ ಮೇಲೆ, ಒಮ್ಮೆ ಹಂಪಿಯ ಬಾಳೆತೋಟಗಳ ನಡುವೆ. ಎಲ್ಲಿ ಓಡಿದರೂ ಸಾಲು ಮಾತ್ರ ಬದಲಾಗುತ್ತಿರಲಿಲ್ಲ. ಹುಲುಗಪ್ಪ ಎಲ್ಲೋ ಮುಂದೆ, ನಾನು ನಡುವೆ, ಬಸಣ್ಣ ಕಟ್ಟಕಡೆಗೆ. "ನಾನು ಗಾರ್ಡ್ ಡಬ್ಬಿ ಇದ್ದಂಗ, ನಾ ಬಂದ್ರನ ರೈಲು ಬಂದಂಗ" ಎಂದು ಬಸಣ್ಣ ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು.

ಆ ಚಳಿಗಾಲದಲ್ಲಿ ಮುಂಬಯಿಯ ಮ್ಯಾರಥಾನ್ ಓಡುವುದೆಂದು ತೀರ್ಮಾನಿಸಿದೆವು. ಬಸಣ್ಣನವರ ಹೆಂಡತಿ ವಿಶಾಲಾಕ್ಷಮ್ಮ ಒಂದು ಷರತ್ತು ಹಾಕಿದರು. ಅಷ್ಟೇ ದೂರವನ್ನು ಮೊದಲು ನಮ್ಮೂರ ಕಡೆ ತಮ್ಮ ಕಣ್ಣೆದುರು ಓಡಿ ತೋರಿಸಬೇಕು. "ನಡುವ ಎಲ್ಲಿ ಕುಂತ್ರೂ ಮುಂಬಯಿ ಇಲ್ಲ. ಶೂ ತೊಗೊಂಡು ಕಾಲುವ್ಯಾಗ ಒಗಿತೀನಿ" ಎಂದರು. ಆಕೆ ತಮಾಷೆ ಮಾಡುವವರಲ್ಲ. ನನಗೂ ಒಳಗೊಳಗೇ ಒಂದು ಷರತ್ತಿತ್ತು. ಹಿಂದಿನ ವರ್ಷ ಬೇರೊಂದು ಊರಿನ ಓಟದಲ್ಲಿ ಅರ್ಧಕ್ಕೇ ಕುಸಿದು, ಸೋತವರನ್ನು ಹತ್ತಿಸಿಕೊಳ್ಳುವ ವ್ಯಾನಿನಲ್ಲಿ ಮುಖ ಮುಚ್ಚಿಕೊಂಡು ಕುಳಿತು ಬಂದಿದ್ದೆ. ಇನ್ನೊಮ್ಮೆ ಹಾಗಾದರೆ ಓಟವನ್ನೇ ಬಿಡುವುದೆಂದು ನಿಶ್ಚಯಿಸಿದ್ದೆ.

ಸಂಡೂರಿನಿಂದ ಹೊರಟು, ಘಾಟಿ ದಾಟಿ, ಹೊಸಪೇಟೆಯ ಮೇಲೆ ಹಾಯ್ದು ಹಂಪಿ ಮುಟ್ಟಿದರೆ ಹೆಚ್ಚುಕಡಿಮೆ ಮ್ಯಾರಥಾನಿನಷ್ಟೇ ದೂರ. ಲಾರಿಗಳ ದಾರಿ ಎಂದು ನಾನು ಬೇಡವೆಂದೆ. ಹುಲುಗಪ್ಪ ಕೇಳಲಿಲ್ಲ. "ಈ ಧೂಳಾಗ ಓಡಿದ್ರ ಮುಂಬಯಿ ಏನೂ ಅಲ್ಲ ಅಕ್ಕಾ" ಎಂದ.

ಬೆಳಕು ಹರಿಯುತ್ತಿದ್ದಂತೆ ಸಂಡೂರು ಬಿಟ್ಟೆವು. ಚಳಿಯಿತ್ತು, ಮೈ ಹಗುರವಾಗಿತ್ತು. ವಿಶಾಲಾಕ್ಷಮ್ಮ ವ್ಯಾನಿನಲ್ಲಿ ನೀರು, ಬಾಳೆಹಣ್ಣು, ಬೆಲ್ಲ ಇಟ್ಟುಕೊಂಡು ಡ್ರೈವರ್ ಜೊತೆ ಹಿಂದೆ ಮುಂದೆ ಬರುತ್ತಿದ್ದರು. ಘಾಟಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲದ ಕಾರಣ, ಆಚೆ ಬದಿ ಇಳಿಜಾರು ಮುಗಿಯುವಲ್ಲಿ ಕಾಯುತ್ತೇನೆ ಎಂದು ಹೇಳಿ ಮುಂದೆ ಹೋದರು.

ಘಾಟಿ ಏರುವಾಗ ನಮ್ಮ ಮಾಮೂಲಿ ಸಾಲೇ ಇತ್ತು. ಹುಲುಗಪ್ಪನ ಹಳದಿ ಬನಿಯನ್ ದೂರದ ತಿರುವಿನಲ್ಲಿ ಕಂಡು ಮರೆಯಾಯಿತು. ತಿರುಗಿ ನೋಡಿದರೆ ಬಸಣ್ಣ ಕೆಳಗೆ ಟವೆಲ್ ಬೀಸಿ, ನೀವು ನಡೀರಿ ಎಂದು ಸನ್ನೆ ಮಾಡಿದರು. ಇನ್ನೊಂದು ತಿರುವಿನಾಚೆ ಅದಿರು ತುಂಬಿದ ಲಾರಿಯೊಂದು ಕೆಟ್ಟು ಅಡ್ಡ ನಿಂತಿತ್ತು. ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ಲಾರಿಗಳ ಸಾಲು. ನಾನು ಅಂಚಿನಲ್ಲಿ ನುಸುಳಿಕೊಂಡು ಓಡುತ್ತಿರುವಾಗಲೇ ದಾರಿ ತೆರವಾಯಿತು. ನಿಂತಿದ್ದ ಅಷ್ಟೂ ಗಾಡಿಗಳು ಒಮ್ಮೆಗೇ ಗುಡುಗಿಕೊಂಡು ಹೊರಟವು. ಜೊತೆಗೆ ಗುಡ್ಡದ ಕಡೆಯಿಂದ ಗಾಳಿಯೂ ಬೀಸಿತು.

ಆ ಧೂಳನ್ನು ಅಲ್ಲಿ ಬಾಳಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲು ಗುಡ್ಡ ಹೋಯಿತು, ಆಮೇಲೆ ರಸ್ತೆ ಹೋಯಿತು, ಕೊನೆಗೆ ನನ್ನ ಕಾಲುಗಳೇ ನನಗೆ ಕಾಣದಾದವು. ಕೆಂಪು ಹಿಟ್ಟಿನೊಳಗೆ ಯಾರೋ ಮುಳುಗಿಸಿದ ಹಾಗೆ. ದುಪಟ್ಟ ಕಾಲಿಗೆ ತೊಡರದಿರಲೆಂದು ತೆಗೆದು ಸೊಂಟಕ್ಕೆ ಬಿಗಿದು ಹಿಂದೆ ಗಂಟು ಹಾಕಿಕೊಂಡೆ. ಎದೆ ಉರಿಯತೊಡಗಿತು. ಹಾರನ್ನುಗಳು ಯಾವ ಕಡೆಯಿಂದ ಬರುತ್ತಿವೆ ಎಂದೂ ತಿಳಿಯಲಿಲ್ಲ. ಬದಿಯ ಬಂಡೆಗೆ ಕೈ ಆನಿಸಿ ನಿಂತುಬಿಟ್ಟೆ. ಸಾಕು, ಆಯಿತು, ನನ್ನ ಓಟ ಇಲ್ಲಿಗೆ ಮುಗಿಯಿತು ಎಂದು ಮನಸ್ಸು ಸ್ಪಷ್ಟವಾಗಿ ಹೇಳಿತು. ಕುಳಿತುಕೊಳ್ಳಲು ಮೊಣಕಾಲು ಮಡಿಸಿದ್ದೆ ಕೂಡ.

ಆಗ ಮುಂದೆ ಎರಡು ಬೆನ್ನುಗಳು ಕಂಡವು.

ಒಂದು ಹುಲುಗಪ್ಪನ ಹಳದಿ ಬನಿಯನ್. ಅದರ ಪಕ್ಕದಲ್ಲೇ ಬಸಣ್ಣನವರ ಅಗಲವಾದ ಬೆನ್ನು, ತಲೆಯ ಮೇಲೆ ಟವೆಲ್. ಇಬ್ಬರೂ ಒಂದೇ ಲಯದಲ್ಲಿ ಓಡುತ್ತಿದ್ದರು, ಅವಸರವಿಲ್ಲದೆ. ನನಗೆ ಮೊದಲು ಬಂದದ್ದು ಆಶ್ಚರ್ಯವಲ್ಲ, ಸಿಟ್ಟು. ಬಸಣ್ಣ ನನ್ನನ್ನು ಯಾವಾಗ ದಾಟಿಹೋದರು? ಅವರೇ ಓಡುತ್ತಿರುವಾಗ ನಾನು ಕೂರುವುದೇ? ಎದ್ದು ಅವರ ಹಿಂದೆ ಬಿದ್ದೆ. ಕೂಗಿದೆ, ಅವರಿಗೆ ಕೇಳಿಸಲಿಲ್ಲ. ನಾನು ಜೋರಾದರೆ ಅವರೂ ಜೋರಾಗುತ್ತಿದ್ದರು. ನಾನು ನಿಧಾನಿಸಿದರೆ ಅವರೂ ನಿಧಾನಿಸುತ್ತಿದ್ದರು. ಅಂತರ ಮಾತ್ರ ಹಾಗೇ ಇತ್ತು. ಅವರ ಕಾಲು ಬಿದ್ದಲ್ಲೇ ನಾನು ಕಾಲಿಟ್ಟೆ. ಲಾರಿಗಳು ಒತ್ತಿನಲ್ಲೇ ಹಾಯುತ್ತಿದ್ದರೂ ಹೆದರಿಕೆ ಹೋಗಿತ್ತು. ಸ್ವಲ್ಪ ಹೊತ್ತಿಗೆ ಉಸಿರು ಸಲೀಸಾಯಿತು. ಹಾಗೆ ಎಷ್ಟು ದೂರ ಓಡಿದೆನೋ ಹೇಳಲಾರೆ. ಅಷ್ಟು ಚೆನ್ನಾಗಿ ನಾನು ಅದಕ್ಕೆ ಮೊದಲು ಎಂದೂ ಓಡಿರಲಿಲ್ಲ.

ಧೂಳು ತೆಳ್ಳಗಾಗಿ ಮೇಲೆ ಸೂರ್ಯ ಕಂಡ. ಸೊಂಟದ ದುಪಟ್ಟ ಬಿಚ್ಚಿ ಓಡುತ್ತಲೇ ಕಣ್ಣು, ಮುಖ ಒರೆಸಿಕೊಂಡು ಅದನ್ನು ಕೊರಳಿಗೆ ಹಾಕಿಕೊಂಡೆ. ಕಣ್ಣು ಬಿಟ್ಟಾಗ ನನ್ನ ಎಡಕ್ಕೆ ಹುಲುಗಪ್ಪ, ಬಲಕ್ಕೆ ಬಸಣ್ಣ. ಮೂವರೂ ಅಡಿಯಿಂದ ಮುಡಿಯವರೆಗೆ ಕೆಂಪು. ಎದುರಿಗೆ ವ್ಯಾನ್, ಅದರ ಮುಂದೆ ಬಾಟಲಿ ಹಿಡಿದು ನಿಂತ ವಿಶಾಲಾಕ್ಷಮ್ಮ. "ಅಯ್ಯ, ಇದೇನ್ರಿ ನಿಮ್ಮ ಅವತಾರ!" ಎಂದು ಆಕೆ ನಕ್ಕಾಗ ನಾವೂ ನಕ್ಕೆವು. ನೀರು ಕುಡಿದು ಮತ್ತೆ ಹೊರಟೆವು. ಆಗ ಮಾತಾಡುವ ವ್ಯವಧಾನ ಯಾರಿಗೂ ಇರಲಿಲ್ಲ.

ಉಳಿದ ದಾರಿ ಹಬ್ಬದಂತಿತ್ತು. ಹೊಸಪೇಟೆಯ ಹೋಟೆಲುಗಳ ಮುಂದೆ ಇಡ್ಲಿ ತಿನ್ನುತ್ತಿದ್ದವರು ತಟ್ಟೆ ಹಿಡಿದೇ ಬೀದಿಗೆ ಬಂದು ನೋಡಿದರು. ಆಟೋದವನೊಬ್ಬ ಅನಂತಶಯನಗುಡಿಯವರೆಗೆ ಹಾರನ್ ಬಾರಿಸುತ್ತ ಜೊತೆಗೆ ಬಂದ. ಕಡ್ಡಿರಾಂಪುರ ದಾಟಿದ ಮೇಲೆ ಬಸಣ್ಣನವರ ಕಾಲು ಹಿಡಿದುಕೊಂಡಿತು. ಹುಲುಗಪ್ಪ ತಿರುಗಿ ಬಂದು ಅವರ ಪಕ್ಕದಲ್ಲಿ ನಿಂತು, "ನಡೀರಿ ಕಾಕಾ, ನಮ್ಮವ್ವ ಹೋಳಿಗಿ ಮಾಡ್ಯಾಳ" ಎಂದ. ಅವನು ಯಾರಿಗಾಗಿಯಾದರೂ ಹಿಂದಕ್ಕೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ವಿರೂಪಾಕ್ಷನ ಗೋಪುರ ಕಂಡದ್ದೇ ಬಸಣ್ಣ ಚಿಕ್ಕ ಮಕ್ಕಳಂತೆ ಕೇಕೆ ಹಾಕಿದರು. ಕೊನೆಯ ಬೀದಿಯನ್ನು ಮೂವರೂ ಕೈ ಹಿಡಿದುಕೊಂಡು ಓಡಿದೆವು. ನಾನು ಅತ್ತೆ. ಅತ್ತದ್ದು ದುಃಖಕ್ಕಲ್ಲ ಎಂದು ಹೇಳಬೇಕಿಲ್ಲವಷ್ಟೆ.

ವಿಚಿತ್ರ ಗೊತ್ತಾದದ್ದು ಊಟಕ್ಕೆ ಕುಳಿತಾಗ. ಹುಲುಗಪ್ಪನ ತಾಯಿ ಹಿತ್ತಲಲ್ಲಿ ನಮಗೆ ಬಿಸಿನೀರು ಕಾಯಿಸಿಕೊಟ್ಟಿದ್ದರು. ಸ್ನಾನ ಮುಗಿಸಿ, ಹೋಳಿಗೆ ಮುರಿಯುತ್ತ ಬಸಣ್ಣ ಹೇಳಿದರು: "ಘಾಟ್ಯಾಗ ನಾನು ಕುಂತೇ ಬಿಡಾಂವ ಇದ್ದೆ ನೋಡ್ರಿ. ನೀವಿಬ್ರೂ ಮುಂದ ಓಡಾಕತ್ತಿದ್ದು ಕಂಡ್ತು. ನಿಮ್ಮ ಬೆನ್ನು ಹಿಡದು ಬಂದೆ. ಇಲ್ದಿದ್ರ ನನ್ನ ಶೂ ಇಷ್ಟೊತ್ತಿಗೆ ಕಾಲುವ್ಯಾಗ ಇರ್ತಿದ್ವು."

ನಾನು ನಕ್ಕು, "ತಮಾಷೆ ಮಾಡಬ್ಯಾಡ್ರಿ. ನೀವಿಬ್ಬರೂ ನನ್ನ ಮುಂದೆ ಇದ್ರಿ" ಎಂದೆ.

"ಎಲ್ಲಿ ಮೇಡಂ? ನೀವು ಆ ಓಡ್ನಿ ಸೊಂಟಕ್ಕ ಕಟ್ಟಿ ಹಿಂದ ದೊಡ್ಡ ಗಂಟು ಹಾಕಿದ್ರಿ. ಆ ಗಂಟನ್ನ ನೋಡಕೋತ ಓಡೀನಿ ನಾನು."

ದುಪಟ್ಟ ಸೊಂಟಕ್ಕೆ ಇದ್ದದ್ದು ಆ ಧೂಳಿನೊಳಗೆ ಮಾತ್ರ. ಇಬ್ಬರೂ ಹುಲುಗಪ್ಪನ ಕಡೆ ನೋಡಿದೆವು. ಅವನ ಮುಖ ಬಿಳಿಚಿತ್ತು. ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗಿಟ್ಟು ಮೆಲ್ಲಗೆ ಹೇಳಿದ.

"ಹೇಳಿದ್ರ ನಗ್ತೀರಿ ಅಂತ ಸುಮ್ನಿದ್ದೆ. ಘಾಟಿ ಮ್ಯಾಲ ಲಾರಿ ಒತ್ತಿ ನಾನು ಬದೀಗೆ ಬಿದ್ದೆ. ಕಾಲು ಉಳುಕಿತು ಅಂದ್ಕೊಂಡು ಕುಂತಿದ್ದೆ. ನೀವಿಬ್ರೂ ನನ್ನ ದಾಟಿ ಮುಂದ ಹೋಗಾಕತ್ತಿದ್ರಿ. ಎದ್ದು ಎಷ್ಟ್ ಜೋರ್ ಓಡಿದ್ರೂ ಬಸಣ್ಣ ಕಾಕಾನ್ನ ಹಿಡಿಯಾಕ ಆಗ್ಲಿಲ್ಲ ನನಗ."

ಯಾವ ಓಟದಲ್ಲೂ ಯಾರ ಹಿಂದೆಯೂ ಇರಲೊಪ್ಪದ ಹುಲುಗಪ್ಪ, ಬಸಣ್ಣನವರನ್ನು ಹಿಡಿಯಲಾಗಲಿಲ್ಲ ಎಂದು ಸುಳ್ಳು ಹೇಳುವವನಲ್ಲ. ಯಾರೂ ನಗಲಿಲ್ಲ.

ವಿಶಾಲಾಕ್ಷಮ್ಮ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ಗದರಿದರು. "ಬಿಸಿಲು ತಲೀಗೇರೇತೇನು ಮೂರೂ ಮಂದಿಗೆ? ನಾ ನಿಂತು ನೋಡೀನಿ. ಧೂಳಿಂದ ಹೊರಗ ಬರಬೇಕಾರ ಮೂರೂ ಮಂದಿ ಹೆಗಲಿಗೆ ಹೆಗಲು ಹಚ್ಚಿ ಬಂದ್ರಿ. ಹಿಂದಿಲ್ಲ, ಮುಂದಿಲ್ಲ. ಕವಾಯತು ಮಾಡಿದಂಗ."

ನಾನು ಇದನ್ನು ಅಲ್ಲಿಗೇ ಬಿಡಲಿಲ್ಲ. ಮುಂದಿನ ವಾರ ಸ್ಕೂಟಿ ತೆಗೆದುಕೊಂಡು ಆ ಘಾಟಿಗೆ ಹೋಗಿ, ನಾನು ಕೈ ಆನಿಸಿ ನಿಂತಿದ್ದ ಬಂಡೆಯನ್ನು ಹುಡುಕಿ, ಸುತ್ತ ಓಡಾಡಿದೆ. ಅವರಿಬ್ಬರು ಹೇಳಿದ್ದ ಗುರುತು ಹಿಡಿದು ನೋಡಿದರೆ, ಮೂವರೂ ಸೋತು ನಿಂತ ಜಾಗಗಳು ಬೇರೆ ಬೇರೆ, ಒಂದರಿಂದ ಒಂದು ಬಲು ದೂರ. ಲಾರಿ ಕ್ಲೀನರುಗಳು ಇಳಿದು ಓಡಿರಬಹುದೇ? ಹಳದಿ ಬನಿಯನ್, ತಲೆಗೆ ಟವೆಲ್, ಸೊಂಟಕ್ಕೆ ದುಪಟ್ಟ ಎಲ್ಲವೂ ಹೊಂದಿಕೊಂಡು? ದಣಿವಿಗೆ, ಧೂಳಿಗೆ ಕಣ್ಣು ಮೋಸಮಾಡುತ್ತದೆ ಎಂದು ಡಾಕ್ಟರೊಬ್ಬರು ಹೇಳಿದರು. ಸರಿಯೇ. ಒಬ್ಬರಿಗಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮೂವರಿಗೆ ಒಂದೇ ಮೋಸ ಆಗುವುದು ಹೇಗೆ? ಬಸಣ್ಣನವರಿಗೆ ಆ ಗಂಟು ಕಂಡದ್ದು ಹೇಗೆ?

ಮುಂಬಯಿಗೆ ಹೋದೆವು. ಮೂವರೂ ಓಟ ಮುಗಿಸಿದೆವು. ಅಲ್ಲಿ ಸಾವಿರಾರು ಜನರ ಬೆನ್ನುಗಳು ಮುಂದಿದ್ದವು, ಎಲ್ಲವೂ ಅಪರಿಚಿತರವು. ಹುಲುಗಪ್ಪ ನಮ್ಮೂರ ಕಡೆಯವರೆಲ್ಲ ಮೂಗಿನ ಮೇಲೆ ಬೆರಳಿಡುವಂಥ ವೇಗದಲ್ಲಿ ಓಡಿದ. ಬಸಣ್ಣ ಕೊನೆಯ ಗೆರೆ ದಾಟಿದಾಗ ವಿಶಾಲಾಕ್ಷಮ್ಮ ಪೊಲೀಸರ ಹಗ್ಗ ಎತ್ತಿ ಒಳಗೆ ನುಗ್ಗಿ ಅವರ ಕೊರಳಿನ ಪದಕವನ್ನು ತಮ್ಮ ಕೊರಳಿಗೆ ಹಾಕಿಕೊಂಡರು. ನಾನು ಸೋತವರ ವ್ಯಾನನ್ನು ಮತ್ತೆಂದೂ ಹತ್ತಲಿಲ್ಲ. ಆಮೇಲೆ ಹಲವು ಊರುಗಳಲ್ಲಿ ಓಡಿದ್ದೇನೆ. ಆ ಇಬ್ಬರು ಯಾವ ಓಟದಲ್ಲೂ ಹಾಗೆ ಕಂಡಿಲ್ಲ.

ಈಗಲೂ ಬಸಣ್ಣ ಅಪರೂಪಕ್ಕೆ ಫೋನು ಮಾಡುತ್ತಾರೆ. ಗಿರಣಿ, ಸಕ್ಕರೆ ಕಾಯಿಲೆ, ಮೊಮ್ಮಕ್ಕಳು ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿ, "ಮೇಡಂ, ಖರೆ ಹೇಳ್ರಿ. ಆವತ್ತು ಘಾಟ್ಯಾಗ ನೀವು ನನ್ನ ಮುಂದ ಇದ್ರಿ ಹೌದಲ್ಲೋ?" ಎಂದು ಕೇಳುತ್ತಾರೆ. ಹೌದು ಎಂದುಬಿಟ್ಟರೆ ಅವರಿಗೆ ನೆಮ್ಮದಿ. ನನ್ನಿಂದ ಆಗುವುದಿಲ್ಲ. "ಇಲ್ಲ ಬಸಣ್ಣ, ನಾನು ಹಿಂದಿದ್ದೆ" ಎನ್ನುತ್ತೇನೆ. ಅದಕ್ಕವರು, "ಹೋಗ್ಲಿ ಬಿಡ್ರಿ, ಮುಟ್ಟಿದ್ವಲ್ಲ" ಎಂದು ಜೋರಾಗಿ ನಗುತ್ತಾರೆ.

ಮುಟ್ಟಿದ್ದು ನಿಜ. ಯಾರ ಹಿಂದೆ ಓಡಿ ಮುಟ್ಟಿದೆವು ಎಂಬುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.