ಸೋರದ ಸೂರು

ನಮ್ಮ ಮನೆ ಸೋರುವುದಿಲ್ಲ. ಹೀಗೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಸೋರುವ ಮನೆಯವನು ನಾಚಿಕೊಂಡರೆ ನ್ಯಾಯ, ಸೋರದ ಮನೆಯವನಿಗೆ ಏನು ಧಾಡಿ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿಕೊಳ್ಳಿ. ಯಾರಿಗಾದರೂ ಹೇಳಿ ಹಗುರಾಗದೆ ನನಗೆ ಗತ್ಯಂತರವಿಲ್ಲ.

ಪಿರಿಯಾಪಟ್ಟಣದ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಜಗಲಿಗಳ ಮೇಲೆ ಇರುವುದೊಂದೇ ಮಾತು: ಯಾರ ಮನೆ ಎಲ್ಲಿ ಸೋರಿತು. ಒಬ್ಬರಿಗೆ ದೇವರ ಗೂಡಿನ ಮೇಲೆ, ಒಬ್ಬರಿಗೆ ಒಲೆಯ ಮೇಲೆ, ಇನ್ನೊಬ್ಬರಿಗೆ ಸರಿಯಾಗಿ ಅಳಿಯ ಮಲಗುವ ಜಾಗದ ಮೇಲೆ. ಸೋರುವುದರಲ್ಲೂ ಅಂತಸ್ತುಂಟು. ನಮ್ಮ ಪಟೇಲರು ತಮ್ಮ ಮನೆಯಲ್ಲಿ ಕೊಪ್ಪರಿಗೆಯನ್ನೇ ಇಡಬೇಕಾಗುತ್ತದೆಂದು ಹೇಳುವಾಗ ಅವರ ಮೀಸೆ ಸ್ವಲ್ಪ ಮೇಲೇರುತ್ತದೆ. ನಾಡಹೆಂಚಿನ ಮನೆಯ ಪಾಡೇ ಅದು. ಬೆಕ್ಕು ಓಡಾಡಿ, ಕೋತಿ ಕುಣಿದು ಹೆಂಚು ಸರಿಸುತ್ತವೆ. ಮಳೆಗೆ ಮುಂಚೆ ಯಾರಾದರೂ ಹತ್ತಿ ಕೈಯಾಡಿಸಬೇಕು. ಬಾಗಿಲು ಯಾವ ದಿಕ್ಕಿಗಿದ್ದರೆ ಏನು ಫಲವೆಂದು ಶಾಸ್ತ್ರ ಬಲ್ಲವರು ಗಂಟೆಗಟ್ಟಲೆ ಹೇಳುತ್ತಾರೆ. ಯಾವ ಮೂಲೆ ಸೋರಿದರೆ ಏನು ಫಲವೆಂದು ಮಾತ್ರ ಒಬ್ಬರೂ ಹೇಳಿದ್ದನ್ನು ನಾನು ಕೇಳಿಲ್ಲ. ಬಹುಶಃ ಅವರ ಮನೆಯೂ ಎಲ್ಲ ಮೂಲೆಯಲ್ಲಿ ಸೋರುತ್ತಿರಬೇಕು.

ಈ ಸಭೆಯಲ್ಲಿ ನಾನು ಬಾಯಿಲ್ಲದವನು. ಒಮ್ಮೆಯಂತೂ ತಡೆಯಲಾರದೆ, ನಮ್ಮ ಅಡಿಗೆಮನೆಯಲ್ಲೂ ತೊಟ್ಟಿಕ್ಕಿತೆಂದು ಸುಳ್ಳು ಹೇಳಿಬಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯದ ಮೇಲೆ ಪಾಠ ಮಾಡಿ ನಿವೃತ್ತನಾದ ಮೇಷ್ಟರು ನಾನು.

ಮೂರು ವರ್ಷದ ಹಿಂದೆ, ಶಿವರಾತ್ರಿ ಕಳೆದ ಮೇಲೆ, ಒಂದು ಸಂಜೆ ಬಿರುಗಾಳಿಗೆ ಹಿತ್ತಲ ಹುಣಸೆಮರದ ಕೊಂಬೆ ಮುರಿದು ಅಡಿಗೆಮನೆಯ ಮೇಲೂ ಒಳಕೋಣೆಯ ಮೇಲೂ ಬಿತ್ತು. ಅಡಿಗೆಯನ್ನು ಹೊರಗೆ ಮಾಡಿಕೊಳ್ಳಬಹುದು. ಆದರೆ ಒಳಕೋಣೆ, ಮಿರ್ಲೆಯ ಹುಡುಗನಿಗೆ ಕೊಟ್ಟಿದ್ದ ನಮ್ಮ ಮಗಳ ಚೊಚ್ಚಲ ಬಾಣಂತನಕ್ಕೆಂದು ಇಟ್ಟದ್ದು. ಅವಳು ಬರುವ ಹೊತ್ತಿಗೆ ಸೂರು ಆಗಲೇಬೇಕು. ಊರಿನ ಕೂಲಿಯವರೆಲ್ಲ ಕೊಡಗಿನ ಕಾಫಿ ತೋಟಕ್ಕೆ ಹೋಗಿದ್ದರು. ಹೆಂಚು ಹೊದಿಸುವ ಒಬ್ಬನೇ ಒಬ್ಬ ಚಳಿಜ್ವರದಲ್ಲಿ ಕಂಬಳಿ ಹೊದ್ದು ಮಲಗಿದ್ದ. ಕೊನೆಗೆ ನಾನೇ ಹತ್ತಿದೆ. ಹತ್ತಿದ್ದಕ್ಕಿಂತ ಬೇಗ ಇಳಿದೆ. ಎಡಗೈ ಮುರಿದು ಕೊರಳಿಗೆ ಜೋಳಿಗೆ ಬಂತು.

ಆಗ ಬಂದವನು ಇನ್ನಾಸಪ್ಪ. ಸಂತೆಬೀದಿಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡಿರುವ ದರ್ಜಿ. ಕೆರೆ ಏರಿಯ ಆಚೆ ಇರುವ ಕಿರಸ್ತಾನರ ಕೇರಿಯವನು. ಒಂದು ಶುಕ್ರವಾರ ಬೆಳಿಗ್ಗೆ ಐದಾರು ಜನರನ್ನು ಕಟ್ಟಿಕೊಂಡು ನಮ್ಮ ಅಂಗಳದಲ್ಲಿ ನಿಂತಿದ್ದ. ಹುಣಸೂರಿನಲ್ಲಿ ಚರ್ಮ ಹದ ಮಾಡುವವನೊಬ್ಬ, ಮದುವೆಗಳಿಗೆ ಬ್ಯಾಂಡು ಊದುವವನೊಬ್ಬ, ಹೀಗೆ. ಹೆಸರಿಗೊಬ್ಬನೂ ಗಾರೆಯವನಲ್ಲ.

“ಮಗಳು ಬಾಣಂತನಕ್ಕೆ ಬತ್ತಾಳಂತಲ್ಲ ಮೇಷ್ಟ್ರೇ. ಸೂರಿಲ್ದೆ ಎಂಗಾದದು?” ಎಂದ. ಅವರಿಗೆ ಅದು ತಪಸ್ಸುಕಾಲವಂತೆ, ಪಾಸ್ಕದ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ನಲವತ್ತು ದಿನದ ವ್ರತ. ಹಬ್ಬ ಬರುವ ತನಕ ಶುಕ್ರವಾರ ಶುಕ್ರವಾರ ಊರಿನಲ್ಲಿ ಕಷ್ಟದಲ್ಲಿರುವವರ ಮನೆ ಒಂದನ್ನು ಸರಿಮಾಡಿಕೊಡಬೇಕೆಂದು ಕೇರಿಯವರೆಲ್ಲ ಮಾತಾಡಿಕೊಂಡಿದ್ದರಂತೆ. ಕೂಲಿ ಮುಟ್ಟುವುದಿಲ್ಲವಂತೆ. ಕಷ್ಟದಲ್ಲಿರುವವರು ಎಂಬ ಮಾತು ಕೇಳಿ, ಯಾರಪ್ಪಾ ಅದು ಎಂದು ನಾನು ಒಂದು ಕ್ಷಣ ಸುತ್ತ ನೋಡಿದೆ.

ಪುಕ್ಕಟೆಯಾಗಿ ನಮ್ಮ ಮನೆ ಕಟ್ಟುವವರ ಮುಂದೆ ಹೇಗಿರಬೇಕೆಂದು ಯಾರೂ ನಮಗೆ ಹೇಳಿಕೊಟ್ಟಿಲ್ಲ ನೋಡಿ. ಕೂತರೆ ದೊಡ್ಡಸ್ತಿಕೆ, ನಿಂತರೆ ಮೇಸ್ತ್ರಿಕೆ. ಕೂಲಿಯವರಾದರೆ ಗದರಬಹುದು, ಇವರನ್ನು ಏನೆನ್ನುವುದು? ಇನ್ನಾಸಪ್ಪ ರವಿಕೆಗೆ ಅಳತೆ ತೆಗೆಯುವ ಟೇಪು ಹಿಡಿದು ಜಂತೆಗಳನ್ನು ಅಳೆಯುತ್ತಿದ್ದುದನ್ನು ಕಂಡು ನಗು ಬಂತು. ನಕ್ಕರೆ ಕೃತಘ್ನನಾಗುತ್ತೇನೆಂದು ಕೆಮ್ಮಿದೆ.

ನಿಜವಾದ ಫಜೀತಿ ಮಧ್ಯಾಹ್ನದ್ದು. ಸೂರು ಹೊದಿಸಿದವರಿಗೆ ಅದೇ ಮನೆಯ ನಡುಮನೆಯಲ್ಲಿ ಎಲೆ ಹಾಕಿ ಉಣಬಡಿಸುವುದು ನಮ್ಮ ಕಡೆಯ ಪದ್ಧತಿ. ಅದು ಕೂಲಿಯ ಲೆಕ್ಕದ್ದಲ್ಲ, ಮರ್ಯಾದೆಯದು. ಎಷ್ಟು ಜನಕ್ಕೆ ಅಡಿಗೆ ಎಂದು ಹೆಂಡತಿ ಕೇಳಿದಳು. ಕಿರಸ್ತಾನರನ್ನು ನಡುಮನೆಯಲ್ಲಿ ಕೂರಿಸುವುದು ಹೇಗೆ? ಮಡಿ ಮೈಲಿಗೆ ಎನ್ನುವ ನಮ್ಮವ್ವ ಒಳಗೇ ಕೂತಿದ್ದಾಳಲ್ಲ? ನನಗೇನೂ ಇಲ್ಲ, ಅವ್ವ ಒಪ್ಪಬೇಕಲ್ಲ ಎಂದೆ. ಹೀಗೆ ನಾನು ಗುಸುಗುಸು ಅನ್ನುತ್ತಿರುವಾಗಲೇ ಮೇಲಿನಿಂದ ಇನ್ನಾಸಪ್ಪನ ದನಿ ಬಂತು. “ಊಟಗೀಟ ಏನೂ ಬ್ಯಾಡಿ ಮೇಷ್ಟ್ರೇ. ನಮಗೆ ಈವತ್ತು ಉಪಾಸ.”

ನೋಡಿದರೆ ಕುಡಿಯುವ ನೀರನ್ನೂ ತಮ್ಮ ಮಡಕೆಯಲ್ಲೇ ತಂದು ಹುಣಸೆಮರದ ಬುಡದಲ್ಲಿಟ್ಟಿದ್ದರು. ನನಗೆ ಎಷ್ಟು ನಿರಾಳವಾಯಿತೆಂದರೆ, ಕೆಳಗೆ ನಿಂತು, ಬಿಸಿಲಿನಲ್ಲಿ ಹೆಂಚು ಜೋಡಿಸುತ್ತಿದ್ದವರಿಗೆ ಏಕಾದಶಿಯ ಉಪವಾಸದ ಮಹಿಮೆಯನ್ನು ವಿಸ್ತಾರವಾಗಿ ಹೇಳಿದೆ. ಅದೇ ದಿನ ಬೆಳಿಗ್ಗೆ ನಾನು ಎರಡು ರೊಟ್ಟಿ ಹೆಚ್ಚಾಗಿಯೇ ತಿಂದಿದ್ದೆ. ಅವರು ಹೂಂ ಹೂಂ ಎನ್ನುತ್ತ ಕೇಳಿದರು, ಪಾಪ.

ಮುಂದಿನ ಶುಕ್ರವಾರಗಳಲ್ಲೂ ಬಂದರು. ಪ್ರತಿಸಲವೂ ಅದೇ ಮಡಕೆ, ಅದೇ ಉಪವಾಸ. ಕಡೆಯ ಶುಕ್ರವಾರ ನೆತ್ತಿಯ ಹೆಂಚು ಕೂರಿಸಿ ಇಳಿದರು. ಈವತ್ತಾದರೂ ಊಟ ಮಾಡಿಕೊಂಡು ಹೋಗಿ ಎಂದೆ, ಬಾಗಿಲಿಗೆ ಅಡ್ಡ ನಿಂತುಕೊಂಡೇ. ಇನ್ನಾಸಪ್ಪ ಹಣೆಯ ಬೆವರು ಒರೆಸಿಕೊಂಡು, ಉಪವಾಸ ಎಂದ.

ಅವರು ಅತ್ತ ಹೋದದ್ದೇ ತಡ, ಅವ್ವ ಸಗಣಿ ನೀರು ಕಲಸಿಕೊಂಡು ಬಂದು ಕೋಣೆಗೆಲ್ಲ ಚಿಮುಕಿಸಿ ಸಾರಿಸತೊಡಗಿದಳು. ಮರೆತ ಟೇಪು ತೆಗೆದುಕೊಂಡು ಹೋಗಲು ಇನ್ನಾಸಪ್ಪ ವಾಪಸ್ಸು ಬಂದದ್ದೂ ಆಗಲೇ. ಹೊಸ್ತಿಲಾಚೆ ನಿಂತು ನೋಡಿದ. ಹಳೇ ಕಾಲದವರು, ತಪ್ಪು ತಿಳಿಯಬೇಡ ಎಂದು ನಾನು ಗೊಣಗಿದೆ. “ಇರ್ಲಿ ಬುಡಿ ಮೇಷ್ಟ್ರೇ, ಬಿಸ್ಲಿಗೆ ತಣ್ಣಗಿರ್ತದೆ,” ಎಂದು ಟೇಪನ್ನು ಕೊರಳಿಗೆ ಹಾಕಿಕೊಂಡು ಹೋದ. ನಾನು ಇಡೀ ಸಂಜೆ ಅವ್ವನ ಜೊತೆ ಮಾತಾಡಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕೂತಾಗ ಹೆಂಡತಿ ಮೆಲ್ಲಗೆ ಕೇಳಿದಳು. “ಅವರ ಪಾಸ್ಕದ ಅಬ್ಬ ಓದ ಭಾನುವಾರಾನೇ ಆಯ್ತಲ್ರೀ. ಬ್ಯಾಂಡು ಊದ್ಕಂಡು ಏರಿ ಮ್ಯಾಲೆ ಓದ್ರು, ನೀವೂ ನೋಡುದ್ರಿ. ಇನ್ನೆಂಥ ಉಪಾಸ ಈವತ್ತು?”

ನೋಡಿದ್ದೆ. ಬ್ಯಾಂಡು ಚೆನ್ನಾಗಿತ್ತೆಂದು ಹೊಗಳಿಯೂ ಇದ್ದೆ. ಹಬ್ಬ ಮುಗಿದ ಮೇಲೂ ಆ ಜನ ನಮ್ಮ ಮನೆಯ ಮರ್ಯಾದೆ ಉಳಿಸಲು ಹಸಿದುಕೊಂಡು ಹೆಂಚು ಹೊದಿಸಿದ್ದರು. ಈಗಲೂ ನೆನೆಸಿಕೊಂಡರೆ ಮುಖ ಎಲ್ಲಿ ಬಚ್ಚಿಟ್ಟುಕೊಳ್ಳಲಿ ಎನ್ನಿಸುತ್ತದೆ.

ಮಗಳು ಬಂದಳು. ಮೊಮ್ಮಗ ಹುಟ್ಟಿದ. ಮಳೆಯೂ ಹಿಡಿಯಿತು. ದರ್ಜಿ, ಬ್ಯಾಂಡಿನವನು ಸೇರಿ ಹೊದಿಸಿದ ಸೂರು, ಎಲ್ಲಾದರೂ ತೊಟ್ಟಿಕ್ಕಲೇಬೇಕೆಂದು ನಾನು ಅಂಗಾತ ಮಲಗಿ ಕಾದೆ. ಒಂದು ಹನಿಯಾದರೂ ಬಿದ್ದಿದ್ದರೆ ನೋಡಿದಿರಾ ಎಂದು ನಗಬಹುದಿತ್ತು, ಋಣ ಅಷ್ಟು ಹಗುರಾಗುತ್ತಿತ್ತು. ಬೀಳಲಿಲ್ಲ. ಮೂರು ಮಳೆಗಾಲ ಕಳೆದರೂ ಬೀಳಲಿಲ್ಲ. ಸಂತೆಬೀದಿಯಲ್ಲಿ ಕಂಡಾಗಲೆಲ್ಲ ಇನ್ನಾಸಪ್ಪ, “ಸೋರ್ತದಾ ಮೇಷ್ಟ್ರೇ?” ಎಂದು ಕೇಳುತ್ತಾನೆ. ಇಲ್ಲ ಎಂದು ನಾನು ಅಮಲ್ದಾರರ ಮುಂದೆ ತಪ್ಪೊಪ್ಪಿಕೊಳ್ಳುವವನ ಹಾಗೆ ಹೇಳುತ್ತೇನೆ. ಮನೆಗೆ ಬಾ ಎನ್ನಬೇಕೆಂದು ನಾಲಿಗೆಯ ತುದಿಗೆ ಬರುತ್ತದೆ. ಅವ್ವ ಇದ್ದಾಳಲ್ಲ ಎಂದು ನುಂಗಿಕೊಳ್ಳುತ್ತೇನೆ.

ಇವತ್ತು ಬೆಳಿಗ್ಗೆ ಕೋತಿಗಳ ಹಿಂಡೊಂದು ನಮ್ಮ ಸೂರಿನ ಮೇಲೆ ಹಾದುಹೋಯಿತು. ಹಿಂದೆಯೇ ಜಡಿಮಳೆ. ಮಗಳು ಮಿರ್ಲೆಗೆ ಹೋದಾಗಿನಿಂದ ಒಳಕೋಣೆಯಲ್ಲಿ ಅವ್ವನೇ ಮಲಗುತ್ತಾಳೆ. ಕೂಗಿ ಕರೆದಳು. ಹೋಗಿ ನೋಡಿದರೆ ಹಾಸಿಗೆಯ ಮೇಲೆ ಎದ್ದು ಕೂತು ಅಂಗೈ ಚಾಚಿದ್ದಾಳೆ. ಅಂಗೈಗೆ ಟಪ್ಪನೆ ಒಂದು ಹನಿ. ಅದನ್ನು ಕಂಡು ನನಗಾದ ಸಂತೋಷವನ್ನು ಹೇಳಿದರೆ ನೀವು ನಂಬುವುದಿಲ್ಲ.

“ಆ ದರ್ಜಿ ಇನ್ನಾಸಪ್ಪನ್ನೇ ಕರ್ಕಂಬಾ,” ಎಂದಳು ಅವ್ವ. “ಅವರ್ಗೆ ಉಪಾಸ ಇಲ್ದಿರೋ ದಿನ ಕೇಳ್ಕಂಡು ಕರಿ. ನಡುಮನೇಲಿ ಎಲೆ ಆಕ್ಸು.”

ನಾನು ಕಕ್ಕಾಬಿಕ್ಕಿಯಾಗಿ, ಹಾಗಾದರೆ ಅವತ್ತು ಸಗಣಿ ನೀರು ಯಾಕೆ ಹಾಕಿದೆ ಎಂದೆ.

“ಎಂಚಿನ ಧೂಳು ಬಿದ್ದಿರೋ ನೆಲದ ಮ್ಯಾಲೆ ಬಸ್ರಿ ಎಂಗ್ಸನ್ನ ಮಲಗುಸ್ತಾರೇನ್ಲಾ? ಆವತ್ತು ಅವ್ರು ಉಣ್ದಂಗೆ ಓದ್ರು. ನನ್ನ ಒಂದು ಮಾತು ಕೇಳ್ನಿಲ್ಲ ಕಣ್ಲಾ ನೀನು.”

ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಆಗಲಿ ಎಂದುಬಿಡುತ್ತಾಳೋ ಎಂಬ ಭಯ ನನಗಿತ್ತೆಂದು ಈಗ ಕಾಣುತ್ತದೆ. ಮೂರು ವರ್ಷ ಅವಳ ಸೆರಗಿನ ಹಿಂದೆ ನಿಂತು ಅವಳನ್ನೇ ಬೈದುಕೊಂಡೆ. ಮೈಲಿಗೆ ಇದ್ದದ್ದು ನನ್ನ ಹತ್ತಿರ.

ಮಳೆ ಸ್ವಲ್ಪ ಬಿಡಲಿ, ಹೋಗಿ ಕರೆಯೋಣ ಎಂದು, ಮೊನ್ನೆಯೇ ಶುರುಮಾಡಿದ್ದ ಇದನ್ನು ಮುಂದುವರಿಸಿ ಬರೆಯುತ್ತ ಕೂತೆ. ಮಳೆ ಬಿಟ್ಟು ಆಗಲೇ ಬಹಳ ಹೊತ್ತಾಗಿದೆ. ಅವ್ವ ಕೊಡೆ ತಂದು ನನ್ನ ಪಕ್ಕದಲ್ಲಿಟ್ಟು ಒಳಗೆ ಹೋದಳು. ಹೊರಡುತ್ತೇನೆ. ಇನ್ನಾಸಪ್ಪ ಮೊದಲು ಕೇಳುವುದು ಸೋರ್ತದಾ ಎಂದೇ. ಈ ಸಲ ಹೌದು ಎನ್ನುತ್ತೇನೆ.